ಅಗ್ಗದ ಉಪಕರಣಗಳ ಅಂಗಡಿಯಲ್ಲಿ ದುಬಾರಿ ಶ್ರೇಣಿ: ಕೊಳ್ಳುವ ಮುನ್ನ ಬೆಳೆಗಾರರು ಅಳೆಯಬೇಕಾದುದು ಏನನ್ನು?

ಕಡಬ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಕೋಡಿಂಬಾಳ ಹಾಗೂ ಅದರ ಸುತ್ತಲಿನ ಗ್ರಾಮಗಳಲ್ಲಿ ಅಡಿಕೆ, ತೆಂಗು, ಕಾಳುಮೆಣಸು, ರಬ್ಬರ್ ತೋಟಗಳ ಕೆಲಸವು ಮಳೆಯ ಲೆಕ್ಕದಲ್ಲಿಯೇ ನಡೆಯುತ್ತದೆ. ಮುಂಗಾರು ಆರಂಭವಾಗುವ ಮೊದಲು ಕೊಳೆರೋಗದ ವಿರುದ್ಧ ಮೊದಲ ಬೋರ್ಡೋ ಸಿಂಪರಣೆ ಮುಗಿದಿರಬೇಕು. 40ರಿಂದ 45 ದಿನಗಳ ನಂತರ, ಮಳೆಯ ಬಿಡುವನ್ನು ಹಿಡಿದು ಎರಡನೆಯದು ಆಗಬೇಕು. ಇವೆರಡರ ನಡುವೆ ಕಳೆ ಕೊಚ್ಚುವುದು, ಬಿದ್ದ ಮರಗಳನ್ನು ತುಂಡರಿಸುವುದು, ಮಳೆಗಾಲದ ಬಳಿಕ ಕೊಯ್ಲಿಗೆ ತೋಟವನ್ನು ಸ್ವಚ್ಛಗೊಳಿಸುವುದು ಇವೆಲ್ಲ ಸಾಲಾಗಿ ಬರುತ್ತವೆ. ಕೆಲಸಗಾರರ ಕೊರತೆಯಿಂದಾಗಿ ಈ ಕೆಲಸಗಳಲ್ಲಿ ಹೆಚ್ಚಿನವು ಇಂದು ಯಂತ್ರಗಳನ್ನು ಅವಲಂಬಿಸಿವೆ. ಆಷಾಢದ ಮಳೆಯ ನಡುವೆ ದೊರೆತ ನಾಲ್ಕು ದಿನಗಳ ಬಿಸಿಲಿನಲ್ಲಿ ಸಿಂಪರಣಾ ಪಂಪು ಕೆಟ್ಟು ನಿಂತರೆ, ರೈತನಿಗಾಗುವ ನಷ್ಟವು ದುರಸ್ತಿಯ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ಉದುರಿದ ಅಡಿಕೆಯಲ್ಲಿ ಕಾಣಿಸುತ್ತದೆ.

ಆದ್ದರಿಂದ ಯಂತ್ರೋಪಕರಣಗಳ ಮಾರುಕಟ್ಟೆಯಲ್ಲಿ ನಡೆಯುತ್ತಿರುವ ಒಂದು ಬದಲಾವಣೆಯನ್ನು ಬೆಳೆಗಾರರು ಗಮನಿಸಬೇಕಾಗಿದೆ. ಇದುವರೆಗೆ 'ಕಡಿಮೆ ಬೆಲೆ' ಎಂಬ ಒಂದೇ ಮಾತಿನಿಂದ ಗ್ರಾಹಕರನ್ನು ಸೆಳೆಯುತ್ತಿದ್ದ ಮಾರಾಟಗಾರರು ಈಗ ಅದೇ ಅಂಗಡಿಯಲ್ಲಿ ಹೆಚ್ಚಿನ ಬೆಲೆಯ ಶ್ರೇಣಿಯನ್ನೂ ಮುಂದಿಡುತ್ತಿದ್ದಾರೆ. ಹೊಸ ಹೆಸರು, ಹೊಸ ಬಣ್ಣ, ಗಟ್ಟಿಯಾದ ಪೆಟ್ಟಿಗೆ, ಬೆಲೆ ಮಾತ್ರ ಹಳೆಯದಕ್ಕಿಂತ ಒಂದೂವರೆ ಅಥವಾ ಎರಡು ಪಟ್ಟು. ಈ ಬೆಲೆಗೆ ಪ್ರತಿಯಾಗಿ ರೈತನಿಗೆ ದೊರೆಯುವುದು ಏನು? ಇದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಒಂದು ಉದಾಹರಣೆ

ಈ ಬದಲಾವಣೆಯ ಅತ್ಯಂತ ಸ್ಪಷ್ಟ ಉದಾಹರಣೆ ಅಮೆರಿಕದ ಹಾರ್ಬರ್ ಫ್ರೈಟ್ ಎಂಬ ಉಪಕರಣ ಮಾರಾಟ ಸಂಸ್ಥೆ. 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಂದೆ ಮಗ ಸೇರಿ ಅಂಚೆಯ ಮೂಲಕ ಅಗ್ಗದ ಉಪಕರಣಗಳನ್ನು ಮಾರುವ ಉದ್ಯಮವಾಗಿ ಇದನ್ನು ಆರಂಭಿಸಿದರು. ಮಧ್ಯವರ್ತಿಗಳನ್ನು ಬಿಟ್ಟು ನೇರವಾಗಿ ಕಾರ್ಖಾನೆಗಳಿಂದ ಖರೀದಿಸಿ ತನ್ನದೇ ಹೆಸರುಗಳಲ್ಲಿ ಮಾರುವುದು ಅದರ ವಿಧಾನ. ಇಂದು ಅದಕ್ಕೆ 1,500ಕ್ಕೂ ಹೆಚ್ಚು ಮಳಿಗೆಗಳಿವೆ. ಅಗ್ಗದ ಮಾಲು ಎಂಬ ಹೆಸರನ್ನು ಹೊತ್ತಿದ್ದ ಈ ಸಂಸ್ಥೆಯು 2017ರಲ್ಲಿ ಹರ್ಕ್ಯುಲಿಸ್ ಎಂಬ ಹೆಸರಿನಲ್ಲಿ ವಿದ್ಯುತ್ ಉಪಕರಣಗಳನ್ನೂ, 2018ರಲ್ಲಿ ಐಕಾನ್ ಎಂಬ ಹೆಸರಿನಲ್ಲಿ ವೃತ್ತಿಪರ ಮೆಕ್ಯಾನಿಕ್‌ಗಳ ಕೈ ಉಪಕರಣಗಳನ್ನೂ ತಂದಿತು. 1920ರಿಂದ ಈ ಕ್ಷೇತ್ರದಲ್ಲಿರುವ ಸ್ನ್ಯಾಪ್‌ಆನ್ ಕಂಪನಿಯ ಉಪಕರಣಗಳೊಡನೆ ಐಕಾನ್ ಅನ್ನು ಪಕ್ಕಪಕ್ಕದಲ್ಲಿಟ್ಟು, ಅದೇ ದರ್ಜೆಯ ವಸ್ತು ಬಹಳ ಕಡಿಮೆ ಬೆಲೆಗೆ ದೊರೆಯುತ್ತದೆ ಎಂದು ಜಾಹೀರಾತು ನೀಡಿತು.

ಅಗ್ಗದ ವ್ಯಾಪಾರಿಯು ಮೇಲಿನ ಮೆಟ್ಟಿಲಿಗೆ ಏರಲು ಕಾರಣಗಳು ಸರಳವಾದವು. ಮೊದಲನೆಯದು, ಕಡಿಮೆ ಬೆಲೆಯ ವಸ್ತುವಿನಲ್ಲಿ ಲಾಭಾಂಶವೂ ಕಡಿಮೆ. ಮಳಿಗೆಯ ಬಾಡಿಗೆ, ಸಾಗಣೆ, ಸಂಬಳ ಹೆಚ್ಚಿದಂತೆಲ್ಲ ಅದು ಇನ್ನೂ ಸಣ್ಣದಾಗುತ್ತದೆ. ಎರಡನೆಯದು, ಅಗ್ಗದ ಉಪಕರಣದಿಂದ ಕೆಲಸ ಕಲಿತ ಗ್ರಾಹಕನು ಮುಂದೆ ಉತ್ತಮವಾದುದನ್ನು ಬಯಸುತ್ತಾನೆ. ಆಗ ಅವನು ಬೇರೆ ಅಂಗಡಿಗೆ ಹೋಗದಂತೆ ಉಳಿಸಿಕೊಳ್ಳಬೇಕು. ಮೂರನೆಯದು, ಏಷ್ಯಾದ ಕಾರ್ಖಾನೆಗಳ ಸಾಮರ್ಥ್ಯವು ಹೆಚ್ಚಿದೆ. ಐಕಾನ್ ಶ್ರೇಣಿಯ ಹಲವು ಉಪಕರಣಗಳು ತಯಾರಾಗುವುದು ತೈವಾನಿನಲ್ಲಿ. ಹೇಳಿದ ಅಳತೆಗೆ, ಹೇಳಿದ ಲೋಹದಲ್ಲಿ ಮಾಡಿಕೊಡುವ ಕಾರ್ಖಾನೆಯು ಇರುವಾಗ, ಉತ್ತಮ ಉಪಕರಣವನ್ನು ಮಾಡುವುದು ಕೆಲವೇ ಕಂಪನಿಗಳ ಗುಟ್ಟಾಗಿ ಉಳಿಯುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸ್ನ್ಯಾಪ್‌ಆನ್ ಗ್ರಾಹಕನು ತೆರುವ ಹಣವು ಕೇವಲ ಉಕ್ಕಿಗೆ ಸಲ್ಲುವುದಿಲ್ಲ. ಆ ಕಂಪನಿಯ ಮಾರಾಟಗಾರನು ವ್ಯಾನಿನಲ್ಲಿ ವರ್ಕ್‌ಶಾಪಿನ ಬಾಗಿಲಿಗೇ ನಿಯಮಿತವಾಗಿ ಬರುತ್ತಾನೆ, ಮುರಿದುದನ್ನು ಬದಲಿಸಿಕೊಡುತ್ತಾನೆ, ಕಂತಿನಲ್ಲಿ ಹಣ ಪಡೆಯುತ್ತಾನೆ. ಹಾರ್ಬರ್ ಫ್ರೈಟ್ ಈ ವ್ಯಾನನ್ನು ತೆಗೆದುಹಾಕಿ ಬೆಲೆಯನ್ನು ಇಳಿಸಿತು. ಅದರ ಬದಲಿಗೆ ಊರೂರಿನಲ್ಲಿ ಮಳಿಗೆಗಳಿದ್ದುದರಿಂದ, ಮುರಿದ ಉಪಕರಣವನ್ನು ಹಿಡಿದು ಹೋಗಿ ಬದಲಿಸಿಕೊಳ್ಳುವುದು ಸಾಧ್ಯವಾಯಿತು. ಅಲ್ಲಿ ಅತ್ಯಂತ ಅಗ್ಗದ ಕೈ ಉಪಕರಣಕ್ಕೂ ಜೀವಾವಧಿ ವಾರಂಟಿ ಇದೆ, ದುಬಾರಿಯದಕ್ಕೂ ಇದೆ. ಅಂದರೆ ವಾರಂಟಿಯ ಅವಧಿಯನ್ನು ನೋಡಿ ಗುಣಮಟ್ಟವನ್ನು ಅಳೆಯಲಾಗದು; ವಾರಂಟಿಗೆ ಬೆಲೆ ಬರುವುದು ಅದನ್ನು ಪೂರೈಸುವ ಸ್ಥಳವು ಹತ್ತಿರವಿದ್ದಾಗ.

ಅದೇ ಸಂಸ್ಥೆಯ ಇನ್ನೊಂದು ಅನುಭವವೂ ಪಾಠವಾಗಿದೆ. 2020ರಲ್ಲಿ ಅದು ವಾಹನವನ್ನು ಎತ್ತಿ ನಿಲ್ಲಿಸುವ ಜ್ಯಾಕ್ ಸ್ಟ್ಯಾಂಡ್‌ಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಸಂಖ್ಯೆ ಸುಮಾರು 17 ಲಕ್ಷ. ಕಾರ್ಖಾನೆಯಲ್ಲಿ ಅಚ್ಚುಗಳು ಸವೆದುದರಿಂದ ಹಲ್ಲುಗಳು ಸರಿಯಾಗಿ ಕಚ್ಚಿಕೊಳ್ಳದೆ ಭಾರ ಜಾರುವ ಅಪಾಯವಿತ್ತು. ಬದಲಿಯಾಗಿ ಕೊಟ್ಟ ಮಾದರಿಯೊಂದರಲ್ಲಿಯೂ ಬೆಸುಗೆಯ ದೋಷ ಕಂಡುಬಂದು ಅದನ್ನೂ ಹಿಂದಕ್ಕೆ ಪಡೆಯಲಾಯಿತು. ಮೊದಲ ಮಾದರಿಯ ನಕ್ಷೆ ಚೆನ್ನಾಗಿದ್ದರೆ ಸಾಲದು, ಲಕ್ಷದ ಮಾದರಿಯೂ ಅದೇ ಅಳತೆಯಲ್ಲಿ ಹೊರಬರಬೇಕು ಎಂಬುದನ್ನು ಇದು ತೋರಿಸುತ್ತದೆ. ಉನ್ನತ ಶ್ರೇಣಿಯ ಬೆಲೆಯಲ್ಲಿ ನ್ಯಾಯವಾಗಿ ಸೇರಬೇಕಾದ ಅಂಶವೆಂದರೆ ಈ ನಿರಂತರ ತಪಾಸಣೆಯೇ.

ನಮ್ಮ ಮಾರುಕಟ್ಟೆಯ ಸ್ವರೂಪ

ನಮ್ಮಲ್ಲಿ ಸಣ್ಣ ಕೃಷಿ ಯಂತ್ರಗಳ ಬಳಕೆ ಹರಡಿದುದು ಅಗ್ಗದ ಯಂತ್ರಗಳಿಂದಲೇ ಎಂಬುದನ್ನು ಮರೆಯಬಾರದು. ಬೆಂಗಳೂರಿನಲ್ಲಿ 2005ರಲ್ಲಿ ಆರಂಭವಾದ ಕಿಸಾನ್‌ಕ್ರಾಫ್ಟ್‌ನಂತಹ ಸಂಸ್ಥೆಗಳು ಸಣ್ಣ ಮತ್ತು ಅತಿಸಣ್ಣ ರೈತರ ಕೈಗೆಟುಕುವ ಬೆಲೆಯನ್ನೇ ಗುರಿಯಾಗಿಸಿಕೊಂಡವು. ಇನ್ನೊಂದು ತುದಿಯಲ್ಲಿ ಜರ್ಮನಿಯ ಸ್ಟಿಲ್, ಜಪಾನಿನ ಹೋಂಡಾದಂತಹ ಹಳೆಯ ಕಂಪನಿಗಳ ದುಬಾರಿ ಯಂತ್ರಗಳಿದ್ದವು. 2023ರ ಫೆಬ್ರವರಿಯಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೊ ನಡೆಸಿದ ಕೃಷಿ ಯಂತ್ರ ಮೇಳದಂತಹ ಸಂದರ್ಭಗಳಲ್ಲಿ ರೈತರು ಇವೆಲ್ಲವನ್ನು ಒಂದೇ ಅಂಗಳದಲ್ಲಿ ಹೋಲಿಸಿ ನೋಡುವ ಅವಕಾಶ ದೊರೆಯಿತು. ಈ ಎರಡು ತುದಿಗಳ ನಡುವಿನ ಜಾಗವನ್ನು ಈಗ ಅಗ್ಗದ ಮಾರಾಟಗಾರರ 'ಪ್ರೀಮಿಯಂ' ಶ್ರೇಣಿಯು ತುಂಬುತ್ತಿದೆ. ಎರಡು ಮೂರು ಎಕರೆಯ ಬೆಳೆಗಾರನಿಗೆ ಹೊಂದಿಕೆಯಾಗಬಹುದಾದ ಬೆಲೆಯು ಇದೇ ಆದುದರಿಂದ, ಇದನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ಸರಿಯಲ್ಲ, ಕಣ್ಣುಮುಚ್ಚಿ ನಂಬುವುದೂ ಸರಿಯಲ್ಲ.

ಹೆಸರನ್ನು ಬಿಟ್ಟು ಎಂಜಿನ್ನಿನ ಸಂಕೇತವನ್ನು ಓದಿರಿ

ಕಳೆ ಕೊಚ್ಚುವ ಯಂತ್ರ, ಸಿಂಪರಣಾ ಪಂಪು, ಸಣ್ಣ ಟಿಲ್ಲರ್‌ಗಳ ಎಂಜಿನ್ ಮೇಲೆ ಒಂದು ಸಂಕೇತವು ಅಚ್ಚಾಗಿರುತ್ತದೆ. ಚೀನಾ ಮೂಲದ ಎಂಜಿನ್‌ಗಳಲ್ಲಿ ಇದನ್ನು ಓದುವುದು ಸುಲಭ. '1ಇ44ಎಫ್' ಎಂದಿದ್ದರೆ ಒಂದು ಸಿಲಿಂಡರ್, ಎರಡು ಸ್ಟ್ರೋಕ್, ಸಿಲಿಂಡರಿನ ಒಳವ್ಯಾಸ 44 ಮಿ.ಮೀ., ಗಾಳಿಯಿಂದ ತಂಪಾಗುವ ಎಂಜಿನ್ ಎಂದರ್ಥ. ಅಂಗಡಿಯಲ್ಲಿ 52 ಸಿಸಿ ಎಂದು ಕರೆಯುವ ಯಂತ್ರ ಇದೇ. '1ಇ40ಎಫ್' ಎಂದರೆ 43 ಸಿಸಿ. '139ಎಫ್' ಎಂದರೆ 39 ಮಿ.ಮೀ. ವ್ಯಾಸದ, ನಾಲ್ಕು ಸ್ಟ್ರೋಕಿನ, ಸುಮಾರು 31 ಸಿಸಿಯ ಎಂಜಿನ್. ಪಂಪು ಮತ್ತು ಟಿಲ್ಲರ್‌ಗಳಲ್ಲಿ ಕಾಣುವ '168ಎಫ್', '170ಎಫ್' ಎಂಜಿನ್‌ಗಳು ಹೋಂಡಾದ ಪ್ರಸಿದ್ಧ ಜಿಎಕ್ಸ್ ಮಾದರಿಯನ್ನು ಅನುಸರಿಸಿದವು.

ಒಂದೇ ಸಂಕೇತದ ಎಂಜಿನ್ ಹತ್ತಾರು ಹೆಸರುಗಳಲ್ಲಿ, ಹತ್ತಾರು ಬಣ್ಣಗಳಲ್ಲಿ ಮಾರಾಟವಾಗುತ್ತದೆ. ಅಗ್ಗದ ಮತ್ತು ದುಬಾರಿ ಶ್ರೇಣಿ ಎರಡರಲ್ಲೂ ಸಂಕೇತವು ಒಂದೇ ಆಗಿದ್ದರೆ, ರೈತನು ಮಾರಾಟಗಾರನನ್ನು ಕೇಳಬೇಕಾದ ಪ್ರಶ್ನೆ ನೇರವಾದುದು: 'ಹಾಗಾದರೆ ವ್ಯತ್ಯಾಸ ಎಲ್ಲಿದೆ?' ಕಾರ್ಬುರೇಟರ್ ಯಾವ ತಯಾರಿಕೆಯದು, ಬೇರಿಂಗ್ ಯಾರದು, ಗೇರ್ ಪೆಟ್ಟಿಗೆ ಬದಲಾಗಿದೆಯೇ, ಕೊಳವೆಯ ವ್ಯಾಸ 26 ಮಿ.ಮೀ. ಇದ್ದುದು 28 ಆಗಿದೆಯೇ, ಕಂಪನ ತಡೆಯುವ ರಬ್ಬರ್ ಇದೆಯೇ ಎಂಬ ಸ್ಪಷ್ಟ ಉತ್ತರ ದೊರೆತರೆ ಹೆಚ್ಚಿನ ಬೆಲೆಗೆ ಆಧಾರವಿದೆ. 'ಇದು ಹೆವಿ ಡ್ಯೂಟಿ' ಎಂಬ ಮಾತಷ್ಟೇ ದೊರೆತರೆ, ಹೆಚ್ಚಿನ ಹಣವು ಬಣ್ಣಕ್ಕೆ ಸಲ್ಲುತ್ತದೆ ಎಂದೇ ತಿಳಿಯಬೇಕು.

ಇದಕ್ಕೆ ಇನ್ನೊಂದು ಮುಖವೂ ಇದೆ. ಸಾಮಾನ್ಯ ಸಂಕೇತದ ಎಂಜಿನ್ನಿಗೆ ಬಿಡಿಭಾಗಗಳು ಯಾವುದೇ ಪೇಟೆಯಲ್ಲಿ ದೊರೆಯುತ್ತವೆ. ಹೆಚ್ಚಿನ ಯಂತ್ರಗಳಲ್ಲಿ ಬ್ಲೇಡಿನ ನಡುರಂಧ್ರದ ಅಳತೆ 25.4 ಮಿ.ಮೀ.; ಕೆಲವು ಕಂಪನಿಗಳದು 20 ಮಿ.ಮೀ. ಒಳ ಸಲಾಕೆಯ ತುದಿಯಲ್ಲಿ ಕೆಲವಕ್ಕೆ 7 ಹಲ್ಲುಗಳು, ಕೆಲವಕ್ಕೆ 9. ಕಂಪನಿಯು ತನ್ನದೇ ಅಳತೆಯನ್ನು ಬಳಸಿದಷ್ಟೂ ಗ್ರಾಹಕನು ಅದೇ ಕಂಪನಿಯ ವಿತರಕನಿಗೆ ಅಂಟಿಕೊಳ್ಳಬೇಕಾಗುತ್ತದೆ. ದುಬಾರಿ ಯಂತ್ರವು ಹೆಚ್ಚು ಬಾಳಿಕೆ ಬರಬಹುದು, ಆದರೆ ಕೆಟ್ಟಾಗ ಕಡಬದ ಮೆಕ್ಯಾನಿಕ್ ಅದನ್ನು ಸರಿಪಡಿಸಲಾರದೆ ಮಂಗಳೂರಿಗೆ ಕಳುಹಿಸಬೇಕಾಗಬಹುದು. ಯಂತ್ರದ ಗಟ್ಟಿತನ ಮತ್ತು ದುರಸ್ತಿಯ ಸೌಲಭ್ಯ ಇವೆರಡೂ ಬೇರೆ ಬೇರೆ ಗುಣಗಳು. ಬೆಲೆಯ ಚೀಟಿಯು ಎರಡನೆಯದನ್ನು ಹೇಳುವುದಿಲ್ಲ.

ಬ್ಯಾಟರಿ ಚಾಲಿತ ಉಪಕರಣಗಳಲ್ಲಿ ಈ ಕಟ್ಟು ಇನ್ನೂ ಬಿಗಿ. ಹಾರ್ಬರ್ ಫ್ರೈಟ್‌ನ ಎರಡು ಶ್ರೇಣಿಗಳಾದ ಬಾವರ್ ಮತ್ತು ಹರ್ಕ್ಯುಲಿಸ್ ಎರಡೂ 20 ವೋಲ್ಟಿನವೇ ಆದರೂ ಒಂದರ ಬ್ಯಾಟರಿ ಇನ್ನೊಂದಕ್ಕೆ ಹೊಂದುವುದಿಲ್ಲ. ನಮ್ಮ ಬೆನ್ನಿನ ಮೇಲಿನ ಬ್ಯಾಟರಿ ಸ್ಪ್ರೇಯರ್‌ಗಳಲ್ಲಿ 12 ವೋಲ್ಟಿನ ಸಾಮಾನ್ಯ ಬ್ಯಾಟರಿಯಿದ್ದರೆ ಅದನ್ನು ಯಾವುದೇ ಅಂಗಡಿಯಲ್ಲಿ ಕೊಂಡು ಹಾಕಬಹುದು. ಹೊಸ ಶ್ರೇಣಿಯ ಲಿಥಿಯಂ ಪ್ಯಾಕ್ ಹಗುರವಾಗಿದ್ದು ಹೆಚ್ಚು ಹೊತ್ತು ನಡೆಯುತ್ತದೆ. ಆದರೆ ಮೂರು ವರ್ಷಗಳ ನಂತರ ಅದೇ ಪ್ಯಾಕ್ ದೊರೆಯುವುದೇ ಎಂಬುದನ್ನು ಕೊಳ್ಳುವಾಗಲೇ ವಿಚಾರಿಸಬೇಕು.

ಗಂಟೆಯ ಲೆಕ್ಕ

ಯಂತ್ರದ ನಿಜವಾದ ಬೆಲೆಯೆಂದರೆ ಅದು ದುಡಿದ ಪ್ರತಿ ಗಂಟೆಗೆ ತಗಲಿದ ವೆಚ್ಚ. ವಿಧಾನವನ್ನು ತಿಳಿಸುವುದಕ್ಕಾಗಿ ಕಳೆ ಕೊಚ್ಚುವ ಮೂರು ಯಂತ್ರಗಳನ್ನು ಊಹಿಸಿಕೊಳ್ಳೋಣ. ಇಲ್ಲಿರುವ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು, ಯಾವುದೇ ಕಂಪನಿಯ ದರವಲ್ಲ. ಇಂಧನದ ಖರ್ಚನ್ನು ಸೇರಿಸಿಲ್ಲ.

- ಅಗ್ಗದ ಯಂತ್ರ: ಬೆಲೆ ₹12,000, ಬಾಳಿಕೆ 300 ಗಂಟೆ, ಆ ಅವಧಿಯ ದುರಸ್ತಿ ₹6,000. ಗಂಟೆಗೆ ₹60.
- ಅಗ್ಗದ ಮಾರಾಟಗಾರನ ಹೊಸ ಶ್ರೇಣಿ: ಬೆಲೆ ₹20,000, ಬಾಳಿಕೆ 600 ಗಂಟೆ, ದುರಸ್ತಿ ₹7,000. ಗಂಟೆಗೆ ₹45.
- ಹಳೆಯ ಕಂಪನಿಯ ದುಬಾರಿ ಯಂತ್ರ: ಬೆಲೆ ₹30,000, ಬಾಳಿಕೆ 1,000 ಗಂಟೆ, ದುರಸ್ತಿ ₹10,000. ಗಂಟೆಗೆ ₹40.

ಮೇಲ್ನೋಟಕ್ಕೆ ದುಬಾರಿಯದೇ ಲಾಭಕರ. ಆದರೆ ಎರಡು ಎಕರೆ ತೋಟದವನು ವರ್ಷಕ್ಕೆ 50 ಗಂಟೆ ಮಾತ್ರ ಬಳಸುತ್ತಾನೆ ಎಂದುಕೊಳ್ಳೋಣ. ಹತ್ತು ವರ್ಷಗಳಲ್ಲಿ 500 ಗಂಟೆ. ಬಳಸದಿದ್ದರೂ ರಬ್ಬರ್ ಕೊಳವೆ, ಕಾರ್ಬುರೇಟರಿನ ಪದರಗಳು ವಯಸ್ಸಿನಿಂದಲೇ ಹಾಳಾಗುತ್ತವೆ. ಹತ್ತು ವರ್ಷಗಳ ನಂತರ ಉಳಿದ 500 ಗಂಟೆಗಳ ಬಾಳಿಕೆಯನ್ನು ನೆಚ್ಚುವಂತಿಲ್ಲ. ಆಗ ದುಬಾರಿ ಯಂತ್ರದ ವೆಚ್ಚ, ದುರಸ್ತಿ ₹5,000 ಸೇರಿ, 500 ಗಂಟೆಗೆ ₹35,000. ಅಂದರೆ ಗಂಟೆಗೆ ₹70. ಮಧ್ಯಮ ಶ್ರೇಣಿಯದು ದುರಸ್ತಿ ₹6,000 ಸೇರಿ ₹26,000, ಗಂಟೆಗೆ ₹52. ಅಗ್ಗದ್ದು ₹60ರಲ್ಲಿಯೇ ಉಳಿಯುತ್ತದೆ, ನಡುವೆ ಒಮ್ಮೆ ಹೊಸದನ್ನು ಕೊಳ್ಳಬೇಕಾಗುತ್ತದೆ. ಹೀಗೆ ಸಣ್ಣ ಬೆಳೆಗಾರನ ಮಟ್ಟಿಗೆ ಮಧ್ಯದ ಶ್ರೇಣಿಯು ಗೆಲ್ಲುತ್ತದೆ.

ವರ್ಷಕ್ಕೆ 500 ಗಂಟೆ ದುಡಿಯುವ, ಊರವರ ತೋಟಗಳಲ್ಲಿ ಬಾಡಿಗೆಗೆ ಕಳೆ ಕೊಚ್ಚುವ ಕೆಲಸಗಾರನ ಲೆಕ್ಕವೇ ಬೇರೆ. ಅವನಿಗೆ ದುಬಾರಿ ಯಂತ್ರವು ಎರಡು ವರ್ಷಗಳಲ್ಲಿಯೇ ಪೂರ್ತಿ ದುಡಿದು ಮುಗಿಯುತ್ತದೆ. ಅಗ್ಗದ್ದಕ್ಕಿಂತ ಗಂಟೆಗೆ ₹20ರಂತೆ ವರ್ಷಕ್ಕೆ ₹10,000 ಉಳಿಯುತ್ತದೆ. ಜೊತೆಗೆ ಕಂಪನ ಕಡಿಮೆಯಾದುದರಿಂದ ಅವನ ಕೈಗಳೂ ಉಳಿಯುತ್ತವೆ.

ಈಗ ಈ ಲೆಕ್ಕದ ದುರ್ಬಲ ಕೊಂಡಿಯನ್ನು ನೋಡಬೇಕು. ಮಧ್ಯಮ ಶ್ರೇಣಿಯ ಯಂತ್ರವು 600 ಗಂಟೆ ಬಾಳುತ್ತದೆ ಎಂಬುದು ಬಿಡಿಭಾಗಗಳು ದೊರೆತರೆ ಮಾತ್ರ. 200 ಗಂಟೆಗಳ ನಂತರ ಗೇರ್ ಪೆಟ್ಟಿಗೆ ಕೆಟ್ಟು, ಆ ಮಾದರಿಯನ್ನು ಮಾರಾಟಗಾರನು ನಿಲ್ಲಿಸಿಬಿಟ್ಟಿದ್ದರೆ, ಅಷ್ಟರಲ್ಲಿ ಆಗಿರುವ ದುರಸ್ತಿ ₹2,000 ಸೇರಿ ₹22,000 ಹಣವು 200 ಗಂಟೆಗೆ ಹಂಚಿಹೋಗುತ್ತದೆ: ಗಂಟೆಗೆ ₹110. ಮೂರರಲ್ಲಿ ಅತ್ಯುತ್ತಮವಾಗಬಹುದಾಗಿದ್ದುದು ಅತ್ಯಂತ ನಷ್ಟದ ಖರೀದಿಯಾಗುತ್ತದೆ. ಹೊಸ ಶ್ರೇಣಿಗೆ ಹಿಂದಿನ ಇತಿಹಾಸವಿಲ್ಲ. ಮುಂದೆ ಅದು ಉಳಿಯುವುದೇ ಎಂಬ ಖಚಿತತೆಯೂ ಇಲ್ಲ. ಆದ್ದರಿಂದ ಇಲ್ಲಿ ಅಳೆಯಬೇಕಾದುದು ಯಂತ್ರವನ್ನು ಮಾತ್ರವಲ್ಲ, ಅದರ ಬಿಡಿಭಾಗಗಳ ಸರಬರಾಜನ್ನು.

ಈ ಸರಬರಾಜು ಸರಕಾರದ ನೀತಿಯನ್ನೂ ಅವಲಂಬಿಸಿದೆ. 2020ರ ಜುಲೈಯಲ್ಲಿ ಕೇಂದ್ರ ಸರಕಾರವು ಪವರ್ ಟಿಲ್ಲರ್ ಹಾಗೂ ಅದರ ಪ್ರಮುಖ ಭಾಗಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ದೇಶೀಯ ತಯಾರಿಕೆಗೆ ಇದು ಬೆಂಬಲವಾದರೂ, ಆಮದಿನ ಯಂತ್ರವನ್ನೇ ನೆಚ್ಚಿದವರಿಗೆ ಎಚ್ಚರಿಕೆಯೂ ಹೌದು. ಮಾರಾಟಗಾರನು ಬಿಡಿಭಾಗಗಳ ದಾಸ್ತಾನನ್ನು ಎಲ್ಲಿ, ಎಷ್ಟು ಇಟ್ಟಿದ್ದಾನೆ ಎಂಬ ಪ್ರಶ್ನೆಯು ಆ ಕಾರಣಕ್ಕೂ ಮುಖ್ಯ.

ನಮ್ಮ ತೋಟಗಳಿಗೆ ಸಂಬಂಧಿಸಿದ ಮೂರು ಪರೀಕ್ಷೆಗಳು

ಒಂದನೆಯದು ಇಂಧನ. 2025ರಿಂದ ದೇಶದಾದ್ಯಂತ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆತು ಬರುತ್ತಿದೆ. ಎಥನಾಲ್ ನೀರಿನ ಅಂಶವನ್ನು ಹೀರಿಕೊಳ್ಳುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ವಾರಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಇಂಧನದಲ್ಲಿ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕೆ ಇಳಿಯಬಹುದು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಎಣ್ಣೆಯ ಅಂಶ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುವುದರಿಂದ, ತಳದ ದ್ರವವನ್ನು ಹೀರಿದ ಎಂಜಿನ್ ಎಣ್ಣೆಯಿಲ್ಲದೆ ಬಿಗಿದುಕೊಳ್ಳುತ್ತದೆ. ಶೇ 20 ಎಥನಾಲ್‌ಗೆ ಹೊಂದುವ ಕೊಳವೆ ಮತ್ತು ಪದರಗಳನ್ನು ಬಳಸಲಾಗಿದೆ ಎಂದು ಕೈಪಿಡಿಯಲ್ಲಿ ಬರೆದಿದೆಯೇ ಎಂದು ನೋಡಬೇಕು. ಬರೆದಿದ್ದರೆ ಅದು ಉನ್ನತ ಶ್ರೇಣಿಯ ನಿಜವಾದ ಲಕ್ಷಣ. ಯಾವ ಯಂತ್ರವೇ ಆಗಲಿ, ಕೆಲಸ ಮುಗಿದ ಮೇಲೆ ಟ್ಯಾಂಕನ್ನು ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದುದು ಮುಗಿಯುವವರೆಗೆ ಎಂಜಿನ್ ಓಡಿಸಿ ಇಡುವುದು ಅವಶ್ಯ. ಎಣ್ಣೆಯ ಮಿಶ್ರಣ 25ಕ್ಕೆ 1 ಆಗಿರಬೇಕೋ 50ಕ್ಕೆ 1 ಆಗಿರಬೇಕೋ ಎಂಬುದನ್ನು ಆಯಾ ಯಂತ್ರದ ಕೈಪಿಡಿಯಂತೆಯೇ ಪಾಲಿಸಬೇಕು. ಒಂದರ ಮಿಶ್ರಣವನ್ನು ಇನ್ನೊಂದಕ್ಕೆ ಹಾಕಬಾರದು.

ಎರಡನೆಯದು ಬೋರ್ಡೋ. ಮೈಲುತುತ್ತು ಬೆರೆತ ದ್ರಾವಣವು ಕಬ್ಬಿಣವನ್ನು ತಿನ್ನುತ್ತದೆ. ಅದನ್ನು ಲೋಹದ ಪಾತ್ರೆಯಲ್ಲಿ ತಯಾರಿಸಬಾರದೆಂದು ಶಿಫಾರಸು ಮಾಡುವುದು ಈ ಕಾರಣಕ್ಕೆ. ಸುಣ್ಣದ ಸಣ್ಣ ಕಣಗಳು ಪಂಪಿನ ಒಳಭಾಗವನ್ನು ಉಜ್ಜಿ ಸವೆಸುತ್ತವೆ. ದುಬಾರಿ ಸಿಂಪರಣಾ ಪಂಪಿನಲ್ಲಿ ಪ್ಲಂಜರ್ ಸೆರಾಮಿಕ್‌ನದೇ, ಕವಾಟಗಳು ಹಿತ್ತಾಳೆಯವೇ ಅಥವಾ ತುಕ್ಕು ಹಿಡಿಯದ ಉಕ್ಕಿನವೇ ಎಂದು ಬಿಚ್ಚಿ ತೋರಿಸಲು ಕೇಳಬೇಕು. ಹೊರಗಿನ ಚೌಕಟ್ಟು ಗಟ್ಟಿಯಾಗಿದ್ದು ಒಳಗಿನ ಭಾಗಗಳು ಹಳೆಯವೇ ಆಗಿದ್ದರೆ ನಮ್ಮ ಕೆಲಸಕ್ಕೆ ಅದು ಉನ್ನತ ಶ್ರೇಣಿಯಲ್ಲ.

ಮೂರನೆಯದು ಕಾರ್ಬನ್ ಫೈಬರ್ ದೋಟಿ. ಮರ ಏರುವ ಕುಶಲಕರ್ಮಿಗಳು ವಿರಳವಾದ ಬಳಿಕ ನೆಲದಲ್ಲಿ ನಿಂತೇ ಕೊಯ್ಲು ಮತ್ತು ಸಿಂಪರಣೆ ಮಾಡಲು ಈ ದೋಟಿಗಳು ಬಂದವು. ಕ್ಯಾಂಪ್ಕೊ ಮೊದಲಾದ ಸಂಸ್ಥೆಗಳು ಇವುಗಳ ಬಳಕೆಗೆ ತರಬೇತಿಯನ್ನೂ ನೀಡಿವೆ. ನಮ್ಮ ಪ್ರದೇಶದ ಬೆಳೆಗಾರರು ಕೊಳ್ಳುವ ಕೈ ಉಪಕರಣಗಳಲ್ಲಿ ಬಹುಶಃ ಅತ್ಯಂತ ದುಬಾರಿಯದು ಇದೇ. ಇಲ್ಲಿ ಬೆಲೆಯು ಸಲ್ಲುವುದು ಹಗುರತನ ಮತ್ತು ಬಾಗದಿರುವ ಗುಣಕ್ಕೆ. ಗಾಜಿನ ನಾರನ್ನು ಹೆಚ್ಚು ಬೆರೆಸಿದ ದೋಟಿಯೂ ನೋಟಕ್ಕೆ ಒಂದೇ ತೆರನಾಗಿರುತ್ತದೆ, ಆದರೆ ಭಾರ ಹೆಚ್ಚು, ಪೂರ್ತಿ ಉದ್ದಕ್ಕೆ ಚಾಚಿದಾಗ ತುದಿ ತೂಗಾಡುತ್ತದೆ. ಆದುದರಿಂದ ತೂಕದ ಯಂತ್ರದಲ್ಲಿ ತೂಗಿ, ಪೂರ್ತಿ ಉದ್ದಕ್ಕೆ ಚಾಚಿ ನೋಡದೆ ಕೊಳ್ಳಬಾರದು. ತುಂಡಾದ ಒಂದು ಭಾಗವನ್ನು ಮಾತ್ರ ಬದಲಿಸಿಕೊಡುವರೇ ಎಂದೂ ಕೇಳಬೇಕು. ಕಾರ್ಬನ್ ಫೈಬರ್ ವಿದ್ಯುತ್ ವಾಹಕವೆಂಬುದನ್ನು ಎಂದಿಗೂ ಮರೆಯಬಾರದು. ಎಷ್ಟೇ ಬೆಲೆಯ ದೋಟಿಯಾದರೂ ವಿದ್ಯುತ್ ತಂತಿಯ ಸಮೀಪ ಅದು ಪ್ರಾಣಾಪಾಯಕಾರಿ.

ಸಹಾಯಧನ ಮತ್ತು ತೆರಿಗೆ

ರಾಜ್ಯದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ರೈತರಿಗೆ ಶೇ 90ರವರೆಗೆ, ನಿಗದಿತ ಮಿತಿಯೊಳಗೆ ಸಹಾಯಧನವಿದೆ. ಇದು ಖರೀದಿಯ ಹೊರೆಯನ್ನು ಇಳಿಸುತ್ತದೆಯೇ ಹೊರತು ದುರಸ್ತಿಯ ಹೊರೆಯನ್ನಲ್ಲ. ಅರ್ಧ ಬೆಲೆಗೆ ದೊರೆತ ದುಬಾರಿ ಯಂತ್ರದ ಬಿಡಿಭಾಗಕ್ಕೆ ಪೂರ್ತಿ ಬೆಲೆಯನ್ನೇ ತೆರಬೇಕು. ಸಹಾಯಧನದ ಪಟ್ಟಿಯಲ್ಲಿರುವ ಯಂತ್ರಗಳಿಗೆ ಅಧಿಕೃತ ಪರೀಕ್ಷಾ ವರದಿ ಇರುತ್ತದೆ. ದಕ್ಷಿಣ ಭಾರತಕ್ಕೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರದ ಪರೀಕ್ಷಾ ಸಂಸ್ಥೆಯಿದೆ. ಶಕ್ತಿ, ಇಂಧನ ಬಳಕೆ, ಕಂಪನ ಮುಂತಾದ ಅಳತೆಗಳು ಇಂತಹ ವರದಿಯಲ್ಲಿ ದೊರೆಯುವುದರಿಂದ ಜಾಹೀರಾತಿಗಿಂತ ಇದನ್ನು ಕೇಳಿ ಪಡೆಯುವುದು ಮೇಲು. ಆದರೆ ವರದಿಯು ಪರೀಕ್ಷೆಗೆ ಒಳಗಾದ ಮಾದರಿಗೆ ಮಾತ್ರ ಅನ್ವಯಿಸುತ್ತದೆ. ಅದೇ ಕಂಪನಿಯ ಹೊಸ ಶ್ರೇಣಿಗೆ ತಾನಾಗಿ ಅನ್ವಯಿಸುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ ಹಲವು ಕೃಷಿ ಯಂತ್ರಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಯಂತ್ರವು ಯಾವ ವರ್ಗಕ್ಕೆ ಸೇರಿದೆ ಎಂಬುದರ ಮೇಲೆ ದರವು ನಿಂತಿರುವುದರಿಂದ, ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಸಂಖ್ಯೆಯನ್ನೂ ತೆರಿಗೆಯ ದರವನ್ನೂ ನೋಡಿಕೊಳ್ಳಬೇಕು. ತೆರಿಗೆ ಇಳಿದ ಸಮಯದಲ್ಲಿಯೇ ಹಳೆಯ ಮಾದರಿಯನ್ನು ಸರಿಸಿ ಹೊಸ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಇಟ್ಟರೆ ಇಳಿಕೆಯ ಲಾಭವು ರೈತನಿಗೆ ತಲಪುವುದಿಲ್ಲ.

ಯಾರಿಗೆ ಯಾವುದು?

1. ವರ್ಷಕ್ಕೆ 20–30 ಗಂಟೆಗಳಷ್ಟೇ ಕೆಲಸವಿರುವವರು ಸಾಮಾನ್ಯ ಸಂಕೇತದ ಎಂಜಿನ್ನಿರುವ ಅಗ್ಗದ ಯಂತ್ರವನ್ನು ಸ್ಥಳೀಯ ಅಂಗಡಿಯಲ್ಲಿ ಕೊಳ್ಳುವುದು, ಇಲ್ಲವೇ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ಪಡೆಯುವುದು ಸೂಕ್ತ.
2. ಎರಡರಿಂದ ಐದು ಎಕರೆಯ ಬೆಳೆಗಾರರು ಹೊಸ ಮಧ್ಯಮ ಶ್ರೇಣಿಯನ್ನು ಪರಿಗಣಿಸಬಹುದು. ಆದರೆ ಕ್ಲಚ್, ಕಾರ್ಬುರೇಟರ್, ಗೇರ್ ಪೆಟ್ಟಿಗೆ, ಸ್ಟಾರ್ಟರ್ ಈ ನಾಲ್ಕು ಭಾಗಗಳು ಅದೇ ಅಂಗಡಿಯ ದಾಸ್ತಾನಿನಲ್ಲಿವೆಯೇ ಎಂದು ಕಣ್ಣಾರೆ ನೋಡಬೇಕು. ಇಲ್ಲವಾದರೆ ಮೊದಲ ಒಂದು ವರ್ಷ ಕಾದು, ಇತರರ ಅನುಭವವನ್ನು ತಿಳಿಯುವುದು ಲೇಸು.
3. ಬಾಡಿಗೆಗೆ ದುಡಿಯುವವರು ಹಾಗೂ ದೊಡ್ಡ ತೋಟದವರು, ಹತ್ತಿರದಲ್ಲಿ ಸೇವಾಕೇಂದ್ರವಿರುವ ಹಳೆಯ ಕಂಪನಿಯ ಯಂತ್ರವನ್ನು ಕೊಳ್ಳುವುದೇ ಲಾಭ. ವಾಣಿಜ್ಯ ಬಳಕೆಗೆ ವಾರಂಟಿ ಇದೆಯೇ ಎಂದು ಬರಹದಲ್ಲಿ ಪಡೆಯಬೇಕು.
4. ಯಾವ ಶ್ರೇಣಿಯೇ ಆಗಲಿ ಮೇ ತಿಂಗಳ ಕೊನೆಯಲ್ಲಿ ಅವಸರದಿಂದ ಕೊಳ್ಳಬಾರದು. ಬೇಸಿಗೆಯಲ್ಲಿಯೇ ಕೊಂಡು ಹತ್ತು ಗಂಟೆ ಓಡಿಸಿ ನೋಡಿದರೆ ದೋಷಗಳು ಮಳೆಗೆ ಮೊದಲೇ ಹೊರಬೀಳುತ್ತವೆ.

ವಿಸ್ತರಣಾ ಕಾರ್ಯಕರ್ತರಿಗೆ

ಒಬ್ಬ ರೈತನು ಅಂಗಡಿಯಾತನನ್ನು ಬಿಡಿಭಾಗದ ಬಗ್ಗೆ ಕೇಳಿದರೆ ದೊರೆಯುವುದು ಆಶ್ವಾಸನೆ. ಇಪ್ಪತ್ತು ಮಂದಿ ಒಂದಾಗಿ ಒಂದೇ ಮಾದರಿಯನ್ನು ಕೊಳ್ಳುವೆವು ಎಂದರೆ ದೊರೆಯುವುದು ದಾಸ್ತಾನು. ಅಡಿಕೆಯ ಬೆಲೆಯು ವ್ಯಾಪಾರಿಗಳ ಕೈಯಲ್ಲಿ ಮಾತ್ರ ಉಳಿಯಬಾರದೆಂದು 1973ರಲ್ಲಿ ಬೆಳೆಗಾರರು ಕ್ಯಾಂಪ್ಕೊವನ್ನು ಕಟ್ಟಿಕೊಂಡ ಪ್ರದೇಶ ಇದು. ಮಾರುವಾಗ ಒಂದಾದವರು ಕೊಳ್ಳುವಾಗಲೂ ಒಂದಾಗುವುದು ಅಸಾಧ್ಯವಲ್ಲ. ಸಹಕಾರ ಸಂಘ, ಸ್ವಸಹಾಯ ಗುಂಪು ಅಥವಾ ರೈತ ಉತ್ಪಾದಕ ಸಂಸ್ಥೆಯ ಮೂಲಕ ಒಂದು ಗ್ರಾಮದವರು ಎರಡು ಮೂರು ಮಾದರಿಗಳಿಗೆ ಸೀಮಿತರಾದರೆ, ಊರಿನ ಮೆಕ್ಯಾನಿಕ್‌ಗೂ ಆ ಯಂತ್ರಗಳ ಪರಿಚಯವಾಗುತ್ತದೆ, ಬಿಡಿಭಾಗವನ್ನು ತಂದಿಡುವ ಅಂಗಡಿಗೂ ವ್ಯಾಪಾರವಾಗುತ್ತದೆ.

ಇದರ ಜೊತೆಗೆ ಪ್ರತಿ ಹೋಬಳಿಯಲ್ಲಿ ಒಂದು ಸರಳ ದಾಖಲೆಯ ಪುಸ್ತಕವನ್ನು ಇಡುವುದು ಉಪಯುಕ್ತ. ಯಂತ್ರದ ಹೆಸರು, ಎಂಜಿನ್ ಸಂಕೇತ, ಕೊಂಡ ಬೆಲೆ, ದುಡಿದ ಗಂಟೆ, ಕೆಟ್ಟ ಭಾಗ, ದುರಸ್ತಿಗೆ ಹಿಡಿದ ದಿನಗಳು ಎಂಬ ಆರು ಅಂಕಣಗಳು ಸಾಕು. ಎರಡು ಮಳೆಗಾಲಗಳು ಕಳೆಯುವಷ್ಟರಲ್ಲಿ, ಯಾವ ದುಬಾರಿ ಯಂತ್ರವು ತನ್ನ ಬೆಲೆಗೆ ಅರ್ಹ, ಯಾವ ಅಗ್ಗದ ಯಂತ್ರವು ಸಾಲುತ್ತದೆ ಎಂಬುದಕ್ಕೆ ನಮ್ಮ ಮಣ್ಣಿನ, ನಮ್ಮ ಮಳೆಯ ಪುರಾವೆಯೇ ಕೈಯಲ್ಲಿರುತ್ತದೆ. ಖರೀದಿಗೆ ಮುನ್ನ ಸಮೀಪದ ರೈತ ಸಂಪರ್ಕ ಕೇಂದ್ರ, ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ ಪರೀಕ್ಷಾ ವರದಿ ಹಾಗೂ ಸಹಾಯಧನದ ಪ್ರಸ್ತುತ ಪಟ್ಟಿಯನ್ನು ಪರಿಶೀಲಿಸುವಂತೆ ರೈತ ಬಾಂಧವರನ್ನು ಕೋರಲಾಗಿದೆ.